ಐಪಿ ವಿಳಾಸ ಮೀಮಾಂಸೆ

ಲಕ್ಷಣ: ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕಿ, ಪ್ರತಿ ಸಂಖ್ಯೆಯೂ 0ರಿಂದ 255ರೊಳಗೆ ಇರತಕ್ಕದ್ದು. ಇದೇ ಹಳೆಯ ಮಾದರಿಯ ಐಪಿ ವಿಳಾಸ. 1981ರಲ್ಲಿ ಈ ವಿಧಿಯನ್ನು ಬರೆದಿಟ್ಟ ಪೂರ್ವಾಚಾರ್ಯರು ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಜಾಗ ಬಿಟ್ಟರು. 2011ರ ಫೆಬ್ರವರಿಯಲ್ಲಿ ಕೇಂದ್ರ ಉಗ್ರಾಣ ಬರಿದಾಯಿತು. ಈ ಬಡತನದ ಹೊಟ್ಟೆಯಲ್ಲೇ ಮೂರು ದರ್ಶನಗಳು ಬಲಿತವು.

ದರ್ಶನಭೇದ: ಮೊಬೈಲ್ ಕಂಪನಿಗಳು ಅದ್ವೈತಿಗಳು, ಗಿರಾಕಿಗಳು ಅನೇಕರು, ಹೊರಗೆ ತೋರುವ ವಿಳಾಸ ಒಂದೇ. ಮನೆಯ ವೈಫೈ ವಿಶಿಷ್ಟಾದ್ವೈತಿ. ಒಳಗೆ ಅಪ್ಪನ ಫೋನು, ಮಗಳ ಲ್ಯಾಪ್‌ಟಾಪು 192.168 ಎಂದು ಶುರುವಾಗುವ ಬೇರೆಬೇರೆ ಸಂಖ್ಯೆ ಹೊತ್ತಿದ್ದರೂ, ಹೊಸಿಲು ದಾಟಿದೊಡನೆ ಸಕಲವೂ ರೌಟರಿನಲ್ಲಿ ಲೀನ. 128 ಬಿಟ್ಟುಗಳ ಹೊಸ ಮಾದರಿಯಾದ ಐಪಿವಿ6 ಕಟ್ಟಾ ದ್ವೈತಿ. ಸಾಧನಕ್ಕೊಂದು ವಿಳಾಸ, ಐಕ್ಯದ ಮಾತೇ ಇಲ್ಲ.

ಪೂರ್ವಪಕ್ಷ: ‘ಐಪಿ ಸಿಕ್ಕಿತೆಂದರೆ ಆಸಾಮಿ ಸಿಕ್ಕಿದ ಹಾಗೆ.’

ಖಂಡನೆ: ಐಪಿ ವಿಳಾಸಗಳಿಗೆ ಊರು ಗುರುತಿಸಿಕೊಡುವ ಅಮೆರಿಕದ ಕಂಪನಿಯೊಂದು, ಆ ದೇಶದಲ್ಲಿ ಎಲ್ಲೋ ಇವೆಯೆಂದಷ್ಟೇ ತಿಳಿದ ವಿಳಾಸಗಳನ್ನೆಲ್ಲ ದೇಶದ ನಡುಭಾಗದ ಒಂದೇ ಬಿಂದುವಿಗೆ ಒಪ್ಪಿಸಿತ್ತು. 2016ರಲ್ಲಿ ಇದು ಬಯಲಾದಾಗ ಅಲ್ಲಿ 60 ಕೋಟಿಗೂ ಮಿಕ್ಕಿ ವಿಳಾಸಗಳು ‘ವಾಸವಾಗಿದ್ದವು’. ಬಿಂದು ಬಿದ್ದದ್ದು ಕಾನ್ಸಾಸ್ ರಾಜ್ಯದ ಒಂದು ತೋಟದಮನೆಯ ಮೇಲೆ. ಲೋಕದ ಕಳ್ಳರನ್ನೆಲ್ಲ ಹುಡುಕಿಕೊಂಡು ಪೊಲೀಸರು ವರ್ಷಗಟ್ಟಲೆ ಅಲ್ಲಿಗೇ ಬಂದರು. ಕೊನೆಗೆ ಕಂಪನಿ ಬಿಂದುವನ್ನು ಸರೋವರವೊಂದರ ನಡುವೆ ಮುಳುಗಿಸಿ ಪ್ರಾಯಶ್ಚಿತ್ತ ಮಾಡಿಕೊಂಡಿತು.

ಎರಡನೆಯ ದೃಷ್ಟಾಂತಕ್ಕೆ ನಗು ಬರುವುದಿಲ್ಲ. 2007ರಲ್ಲಿ, ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯ ಅವಹೇಳನವಾದ ಪ್ರಕರಣದಲ್ಲಿ, ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಹಿಡಿದೊಯ್ದರು. ಐಪಿ ವಿವರವೇ ತಪ್ಪಾಗಿತ್ತು. ಅದು ಇತ್ಯರ್ಥವಾಗುವಷ್ಟರಲ್ಲಿ ಆ ನಿರಪರಾಧಿ 50 ದಿನ ಜೈಲಿನಲ್ಲಿ ಕಳೆದಿದ್ದರು.

ಸಿದ್ಧಾಂತ: ಐಪಿ ತಾನಾಗಿ ಹೇಳುವುದು ಎರಡೇ: ಸಂಪರ್ಕ ಕೊಟ್ಟ ಕಂಪನಿ ಯಾವುದು, ಊರು ಸುಮಾರಾಗಿ ಯಾವುದು. ಊರೂ ಎಷ್ಟೋ ಸಲ ತಪ್ಪು. ಅದೇ ವಿಳಾಸ ಬೆಳಿಗ್ಗೆ ಒಬ್ಬರದು, ಸಂಜೆ ಮತ್ತೊಬ್ಬರದು. ಆದ್ದರಿಂದ ಹೆಸರು ಬೇಕಾದರೆ ಕಂಪನಿಯ ಕಡತವೂ, ಸೆಕೆಂಡು ಸಮೇತ ಹೊತ್ತೂ ಬೇಕು. ಅದ್ವೈತಿಗಳ ಬಳಿ, ಒಂದೇ ವಿಳಾಸದ ಹಿಂದಿರುವ ಗಿರಾಕಿಗಳನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ಕೇಳಬೇಕು. ಇಷ್ಟಾದರೂ ದೊರೆಯುವುದು ಬಿಲ್ಲು ಕಟ್ಟುವವರ ಹೆಸರೇ ಹೊರತು ಕೀಲಿ ಒತ್ತಿದವರದಲ್ಲ.

ಫಲಶ್ರುತಿ: ಇದನ್ನು ಮನನ ಮಾಡಿದ ತನಿಖಾಧಿಕಾರಿಗೆ ಸರಿಯಾದ ಆಸಾಮಿಯೂ, ನ್ಯಾಯಾಧೀಶರಿಗೆ ಸಕಾಲಿಕ ಸಂಶಯವೂ ಪ್ರಾಪ್ತವಾಗುವುವು. ಮನನ ಮಾಡದವರು ಯಾರದೋ ಮನೆಯ ಬಾಗಿಲು ಬಡಿಯುವರು.