ಹಂಪ್‌ಗೆ ತೂಕವಿಲ್ಲ

2025ರ ಮಳೆಗಾಲ. ಮುಂಬೈಯ ಆಂಟಾಪ್ ಹಿಲ್ಲಿನ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದ ಶೆಟ್ಟರು ಎದುರಿನ ರಸ್ತೆಗೆ ಒಂದು ಹಂಪ್ ಕೇಳಿದರು. ಪಾಲಿಕೆಯ ಗುಮಾಸ್ತನೂ ಕುಂದಾಪುರದ ಕಡೆಯವನೇ. ಚಹಾ ಬರುವ ತನಕ ಅವನು ಬಾಯಿ ಬಿಡಲಿಲ್ಲ.

"ಯಾರಿಗೆ ಹೇಳುವುದು ಶೆಟ್ರೇ? 2022ರ ಮಾರ್ಚಿನಿಂದ ಚುನಾಯಿತ ನಗರಸೇವಕರೇ ಇಲ್ಲ, ಆಡಳಿತಾಧಿಕಾರಿಯದ್ದೇ ರಾಜ್ಯ."

"ಬಜೆಟ್ 74,427 ಕೋಟಿ ಅಂತ ಪೇಪರಿನಲ್ಲಿತ್ತಲ್ಲ ಮಾರಾಯ?"

"ಅದು ದೊಡ್ಡ ಕೆಲಸಕ್ಕೆ. 2023ರಲ್ಲಿ ಸುಮಾರು 400 ಕಿ.ಮೀ. ಕಾಂಕ್ರೀಟಿಗೆ 6,000 ಕೋಟಿ ದಾಟಿತು. ನಿಮ್ಮ ಹಂಪಿಗೆ ಖರ್ಚೂ ಇಲ್ಲ, ಹಾಗಾಗಿ ಫೈಲಿಗೆ ತೂಕವೂ ಇಲ್ಲ."

"ಕಾಂಕ್ರೀಟ್ ಆದ ಮೇಲೆ ಬೈಕುಗಳು ಹಾರ್ತಾವೆ!"

"ಹೊಂಡ ಇದ್ದಾಗ ನಿಧಾನ ಹೋಗ್ತಿದ್ದವು ತಾನೇ? ಅದು ಪಾಲಿಕೆಯ ಪುಕ್ಕಟೆ ರಸ್ತೆ ಸುರಕ್ಷತೆ. ಹೊಂಡ ಮುಚ್ಚಿ ಅಂತ ಅರ್ಜಿ ಕೊಟ್ಟವರು ನೀವೇ."

ಮಾತು ಪಕ್ಕದ ಗುರು ತೇಗ್ ಬಹಾದ್ದೂರ್ ನಗರಕ್ಕೆ ತಿರುಗಿತು. ವಿಭಜನೆಯಲ್ಲಿ ಊರು ಬಿಟ್ಟ ಪಂಜಾಬಿ, ಸಿಂಧಿ ನಿರಾಶ್ರಿತರು ನೆಲೆಯಾದ ಜಾಗ ಅದು. ಅವರ ಕಾಲನಿಯ 25 ಕಟ್ಟಡಗಳು ಶಿಥಿಲವೆಂದು ಕೆಡವಲ್ಪಟ್ಟವು; ವಸತಿ ಪ್ರಾಧಿಕಾರವಾದ ಮ್ಹಾಡಾ ಮೂಲಕ ಪುನರ್ನಿರ್ಮಾಣಕ್ಕೆ ಸರ್ಕಾರ ಒಪ್ಪಿದ್ದು 2024ರಲ್ಲಿ. ಮುಂಬೈ ವೇಗದ ನಗರ ಎನ್ನುವವರು ಬಹುಶಃ ಲೋಕಲ್ ಟ್ರೈನ್ ಮಾತ್ರ ನೋಡಿದವರು.

"ಹಾಗಾದರೆ ನನ್ನ ಹಂಪ್?"

"ಆ ನಿರಾಶ್ರಿತರು ಬಂದದ್ದು 1947ರಲ್ಲಿ. ನಿಮ್ಮ ಅರ್ಜಿ ಹೋದ ತಿಂಗಳದ್ದು. ಸರದಿ ಅಂತ ಒಂದಿದೆಯಲ್ಲ ಶೆಟ್ರೇ! ಇನ್ನೊಂದು ಚಹಾ ಹೇಳಿ, ಲೆಕ್ಕಕ್ಕೆ ಬರೆದುಕೊಳ್ಳಿ."