ಸಭಾಂಗಣದ ಕೆಳಗಿನ ಸವಾರರು

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಹಾಲ್ ಸಂಗೀತ ಕೇಳುವ ಸಭ್ಯರಿಗಾಗಿ ಕಟ್ಟಿದ್ದಾದರೂ, ಅದರಡಿಯ ಕಾಂಕ್ರೀಟ್ ಇಳಿಜಾರುಗಳ ಉಪಯೋಗವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಸ್ಕೇಟ್‌ಬೋರ್ಡ್, ಅಂದರೆ ನಾಲ್ಕು ಗಾಲಿಗಳ ಕಿರುಹಲಗೆ, ಏರಿದ ಹುಡುಗರು. ಬಿದ್ದು, ಮಂಡಿ ತರಚಿಕೊಂಡು, ಮತ್ತೆ ಅದೇ ಮೆಟ್ಟಿಲಿನಿಂದ ಹಾರುವ ಈ ವಿದ್ಯೆಗೆ ಟಿಕೆಟ್ಟಿಲ್ಲದ ಕಾರಣ, ಅದನ್ನು ಕಲೆಯೆಂದು ಒಪ್ಪಲು ಹಿರಿಯರಿಗೆ ತುಸು ಕಷ್ಟವಾಗಿರಬೇಕು. 2013ರಲ್ಲಿ ಅಲ್ಲಿ ಅಂಗಡಿ, ಹೋಟೆಲುಗಳನ್ನು ತಂದು ಇವರನ್ನು ಪಕ್ಕದ ಸೇತುವೆಯಡಿಗೆ ಸಾಗಹಾಕುವ ಯೋಜನೆ ಹೊರಟಾಗ, ಶಿಸ್ತಿಲ್ಲದವರೆಂದು ಹೆಸರಾದ ಈ ಪಡೆಯೇ ಮುಂದೆ ನಿಂತು, ಬಹು ಶಿಸ್ತಿನಿಂದ ಸಾವಿರಾರು ಆಕ್ಷೇಪಣಾ ಪತ್ರಗಳನ್ನು ಸಲ್ಲಿಸುವಂತೆ ಮಾಡಿತು. 2014ರಲ್ಲಿ ರಾಜಿಯಾಗಿ ಜಾಗ ಉಳಿಯಿತು. ಬಹುಕಾಲ ಮುಚ್ಚಿದ್ದ ಒಂದು ಭಾಗವೂ 2019ರಲ್ಲಿ ತೆರೆಯಿತು, ಅದೂ ಈ ಪುಂಡರು ಸಭಾಂಗಣವನ್ನು ನಡೆಸುವ ಕಲಾಕೇಂದ್ರದ ಹಿರಿಯರೊಡನೆ ಕೂಡಿ ಎತ್ತಿದ ಚಂದಾ ಹಣದಲ್ಲಿ.