ರೋಮಿನಲ್ಲಿ ಕೂರುವ ಮುನ್ನ

ರೋಮಿಗೆ ಹೊರಟಿದ್ದೀರಂತೆ, ಸಂತೋಷ. ವೀಸಾ, ವಿಮೆಯನ್ನು ಏಜೆಂಟರು ನೋಡಿಕೊಳ್ಳುತ್ತಾರೆ; ಪುಳಿಯೋಗರೆ ಗೊಜ್ಜನ್ನು ನಿಮ್ಮ ಅತ್ತೆಯವರು. ನನ್ನ ಪಾಲಿಗೆ ಉಳಿದಿರುವ ಬುದ್ಧಿಮಾತು ಒಂದೇ: ಅಲ್ಲಿ ಸಿಕ್ಕಸಿಕ್ಕಲ್ಲಿ ಕೂರಬೇಡಿ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಸೋಮಾರಿಗಳಿಗೆ ಹೇಳಿದ್ದು. ರೋಮಿನವರು ಅದನ್ನು ದರಪಟ್ಟಿಯಲ್ಲೇ ಅಚ್ಚು ಹಾಕಿಸಿದ್ದಾರೆ.

‘ಬಾರ್’ ಎಂಬ ಬೋರ್ಡು ಕಂಡು ಅಮ್ಮ ಹೊರಗೇ ನಿಂತರೆ ಒಳಗೆ ಕರೆದುಕೊಂಡು ಬನ್ನಿ, ಅದು ಕಾಫಿ ಅಂಗಡಿ. ಗೋಡೆಯ ಪಟ್ಟಿಯಲ್ಲಿ ಎರಡೆರಡು ದರ ಕಾಣುತ್ತದೆ. ‘ಬಾಂಕೊ’ ಅಂದರೆ ಕೌಂಟರಿನ ಮುಂದೆ ನಿಂತು ಕುಡಿಯುವವರಿಗೆ. ‘ತಾವೊಲೊ’ ಅಂದರೆ ಟೇಬಲ್ ಹಿಡಿದು ಕೂರುವ ದೊಡ್ಡ ಮನುಷ್ಯರಿಗೆ. ನಿಂತರೆ ಒಂದೂಕಾಲು ಯೂರೊ ಆಸುಪಾಸು. ಅದನ್ನೇ ಪಿಯಾತ್ಸಾ ನವೋನಾದ ಕುರ್ಚಿಯಲ್ಲಿ ಕೂತು ಕುಡಿದರೆ ದರ ಎಷ್ಟೋ ಪಟ್ಟು, ಕಾರಂಜಿಯ ನೋಟಕ್ಕೂ ಸೇರಿಸಿ. ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು, ಚೀಟಿ ತಂದು ಕಾಫಿಯವನ ಮುಂದಿಟ್ಟು, ನಿಂತೇ ಗುಟುಕರಿಸಿ ಜಾಗ ಖಾಲಿ ಮಾಡುವುದು ಅಲ್ಲಿನ ರಿವಾಜು. ಬೆಂಗಳೂರಿನ ದರ್ಶಿನಿಗಳಲ್ಲಿ ಪಳಗಿದವರಿಗೆ ಇದನ್ನು ಹೇಳಿಕೊಡಬೇಕೆ? ಕೊರತೆ ಒಂದೇ, ಬೈಟು ಇಲ್ಲ. ಬಟ್ಟಲಿನ ತಳದಲ್ಲಿರುವುದೇ ಎರಡು ಗುಟುಕು. ಅದನ್ನೂ ಹಂಚಿಕೊಂಡರೆ ಇಬ್ಬರಿಗೂ ಪರಿಮಳವಷ್ಟೇ. ಹಾಲು ಹಾಕಿದ ಕಪುಚಿನೊ ಬೆಳಗಿನ ಬಾಬತ್ತು. ಊಟವಾದ ಮೇಲೆ ಕೇಳಿದರೂ ಕೊಡುತ್ತಾರೆ, ಜೊತೆಗೊಂದು ನೋಟ ಪುಕ್ಕಟೆ.

ಹೋಟೆಲಿನಲ್ಲಿ ನೀವು ಕೇಳದೆಯೇ ಒಂದು ಬುಟ್ಟಿ ಬ್ರೆಡ್ಡು ಬರುತ್ತದೆ. ಆಹಾ, ಎಂಥ ಅತಿಥಿ ಸತ್ಕಾರ ಎಂದು ಕರಗಬೇಡಿ. ಬಿಲ್ಲಿನಲ್ಲಿ ಅದು ‘ಪಾನೆ’ ಎಂಬ ಹೆಸರಿನಲ್ಲಿ ಮತ್ತೆ ದರ್ಶನ ಕೊಡುತ್ತದೆ. ಬೇಡವಾದರೆ ಮುಟ್ಟುವ ಮೊದಲೇ ವಾಪಸ್ ಕಳಿಸಿ.

ಹೋಗಲಿ, ಮೆಟ್ಟಿಲ ಮೇಲಾದರೂ ಕೂರೋಣ ಅಂತೀರಾ? ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂರುವುದನ್ನು 2019ರಲ್ಲಿ ನಿಷೇಧಿಸಿದರು. ದಂಡ 250 ಯೂರೊ, ಗಲೀಜು ಮಾಡಿದರೆ 400ರವರೆಗೆ. ‘ರೋಮನ್ ಹಾಲಿಡೇ’ ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಐಸ್‌ಕ್ರೀಂ ತಿಂದದ್ದು ಇಲ್ಲೇ. ಈಗ ನೀವು ಕೋನ್ ಹಿಡಿದು ಕುಕ್ಕರಿಸಿದರೆ ಪೊಲೀಸರು ಸೀಟಿ ಊದಿ ಎಬ್ಬಿಸುತ್ತಾರೆ.

ಕಾಸಿಲ್ಲದೆ ಕೂರಬೇಕೆಂದರೆ ಚರ್ಚಿಗೆ ಹೋಗಿ. ಊರಿನ ತುಂಬ ನೂರಾರಿವೆ; ಭುಜ, ಮೊಣಕಾಲು ಮುಚ್ಚಿಕೊಂಡಿರಬೇಕು ಅಷ್ಟೆ. ಪಾಂಥಿಯಾನ್ ಹತ್ತಿರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿಯ ಎಡಗಡೆಯ ಕೊನೆಯ ಗುಡಿಯಲ್ಲಿ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂವಿನ ಮೂರು ಚಿತ್ರಗಳಿವೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಆದರೆ ಚಿತ್ರದ ಮೇಲೆ ಕತ್ತಲು. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಪಕ್ಕನೆ ಆರುತ್ತದೆ. ಆಗ ನೋಡಬೇಕು ಮಜಾ! ದೇಶದೇಶಗಳ ಕಲಾಭಿಮಾನಿಗಳು ಒಬ್ಬರ ಮುಖ ಒಬ್ಬರು ನೋಡುತ್ತ, ಯಾರ ಕೈ ಜೇಬಿಗೆ ಹೋದೀತೆಂದು ಮೌನವಾಗಿ ಕಾಯುತ್ತಾರೆ. ಯಾವನೋ ಪುಣ್ಯಾತ್ಮ ನಾಣ್ಯ ಹಾಕಿದ್ದೇ ತಡ, ಅಷ್ಟೂ ಮೊಬೈಲುಗಳು ಮೇಲೇಳುತ್ತವೆ. ಒಮ್ಮೆ ನೀವೂ ಹಾಕಿ ಮಾರಾಯ್ರೆ, ಮಾನ ಉಳಿಯಲಿ. ಮಧ್ಯಾಹ್ನ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ನೀರಿಗೆ ದುಡ್ಡು ಕೊಡುವವರು ಶುದ್ಧ ಪೆದ್ದರು. ಬೀದಿಬೀದಿಯಲ್ಲಿ ‘ನಾಸೊನೆ’ ಎಂಬ ಕಬ್ಬಿಣದ ನಲ್ಲಿಕಂಬಗಳಿವೆ, ಸುಮಾರು 2,500. ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಸುರಿಯುತ್ತಿರುತ್ತದೆ. ಮೂತಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ. ಹೊಸಬರಿಗೆ ನೇರ ಮೂಗಿಗೆ.

ಬಸ್ ಟಿಕೆಟ್ಟು ‘ಟಿ’ ಅಕ್ಷರದ ಬೋರ್ಡಿರುವ ಬೀಡಿ ಸಿಗರೇಟಿನ ಅಂಗಡಿಯಲ್ಲಿ ಸಿಗುತ್ತದೆ. ಕೊಂಡು ಜೇಬಿನಲ್ಲಿಟ್ಟರೆ ಪ್ರಯೋಜನವಿಲ್ಲ. ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಅಲ್ಲಿಂದ 100 ನಿಮಿಷ ಲೆಕ್ಕ. ತೆರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಬ್ಯಾಗು ಬೆನ್ನಿಗಲ್ಲ, ಹೊಟ್ಟೆಗೆ. ಕೊಲೊಸಿಯಮ್ ಟಿಕೆಟ್ಟಿನಲ್ಲಿ ನಿಮ್ಮ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ.

ಇಷ್ಟೆಲ್ಲ ನಿಂತು ನಡೆಯುವುದು ಸಣ್ಣ ಸಣ್ಣ ಕಲ್ಲು ಹಾಸಿದ ಬೀದಿಗಳಲ್ಲಿ. ದಯವಿಟ್ಟು ಹೊಸ ಶೂ ಮನೆಯಲ್ಲೇ ಬಿಟ್ಟು, ಸವೆದು ಕಾಲಿಗೆ ಒಗ್ಗಿದ ಹಳೆಯದನ್ನೇ ಹಾಕಿಕೊಂಡು ಹೋಗಿ.